ತಾಳೆಯಾದ ತಪ್ಪು ಲೆಕ್ಕ

ರಾಣೆಬೆನ್ನೂರಿನ ಓದುಗರೊಬ್ಬರ ಪತ್ರ: “ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಕಾಮರ್ಸೇ ಬೇಕು ಎಂದು ಹಟ ಹಿಡಿದಿದ್ದಾಳೆ. ನಮ್ಮೂರ ಕಾಲೇಜಿನಲ್ಲಿ ಎಚ್‌ಇಬಿಎ, ಎಸ್‌ಇಬಿಎ, ಸಿಇಬಿಎ ಮೂರೂ ಇವೆ. ಸಿಇಬಿಎಗೆ ಸೇರಿಸಿದರೆ ಹೇಗೂ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಬರುತ್ತದಲ್ಲ, ಅದೇ ಆಗಲಿ ಎಂದುಕೊಂಡಿದ್ದೇನೆ. ಆದರೆ ಲೆಕ್ಕವನ್ನೆಲ್ಲ ಸಾಫ್ಟ್‌ವೇರೇ ಬರೆಯುವ ಈ ಕಾಲದಲ್ಲಿ ಮಕ್ಕಳಿಂದ ಡೆಬಿಟ್ಟು ಕ್ರೆಡಿಟ್ಟು ಎಂದು ಪುಟಗಟ್ಟಲೆ ಗೆರೆ ಹೊಡೆಸುವುದು ಯಾತಕ್ಕೆ? ನಿಮ್ಮ ಪತ್ರಿಕೆ ಇದರ ವಿರುದ್ಧ ಬರೆಯಬೇಕು.”

ಬರೆಯುತ್ತೇವೆ, ಆದರೆ ನೀವು ಬೆರಳು ತೋರಿಸಿದ ದಿಕ್ಕಿಗಲ್ಲ. ಅದಕ್ಕೂ ಮೊದಲು ನಿಮಗೊಂದು ಶಹಭಾಸ್. ಮಗಳು ಕಾಮರ್ಸ್ ಎಂದಾಗ “ಇಷ್ಟು ಮಾರ್ಕ್ಸ್ ಇಟ್ಟುಕೊಂಡು ಕಾಮರ್ಸಾ?” ಎಂದು ಗದರಿಸಿ ಸೈನ್ಸಿನ ಸಾಲಿಗೆ ನಿಲ್ಲಿಸಲಿಲ್ಲವಲ್ಲ, ಅಷ್ಟಕ್ಕೇ ನಿಮ್ಮ ಪತ್ರವನ್ನು ಎರಡು ಸಲ ಓದಿದೆವು. ಎರಡನೇ ಸಲ ಓದುವಾಗ ಒಂದು ತಪ್ಪು ತಿಳಿವಳಿಕೆ ಕಣ್ಣಿಗೆ ಬಿತ್ತು. ಅದನ್ನು ಮೊದಲು ತೆಗೆದುಹಾಕೋಣ.

ಮೂರೂ ಕಾಂಬಿನೇಷನ್‌ಗಳಲ್ಲಿ ಕೊನೆಯ ಮೂರು ಅಕ್ಷರ ಒಂದೇ: ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಬದಲಾಗುವುದು ಮೊದಲ ಅಕ್ಷರ ಮಾತ್ರ. ಇತಿಹಾಸವೋ ಸಂಖ್ಯಾಶಾಸ್ತ್ರವೋ ಕಂಪ್ಯೂಟರ್ ಸೈನ್ಸೋ ಅಲ್ಲಿ ಕೂರುತ್ತದೆ. ಸಿಇಬಿಎಯ ‘ಸಿ’ಯಲ್ಲಿ ಟ್ಯಾಲಿ ಕಲಿಸುವುದಿಲ್ಲ. ಹಿಂದೆ ಅಲ್ಲಿ ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆ ಇತ್ತು, ಈಗ ಪೈಥಾನ್ ಇದೆ. ಎರಡನೇ ವರ್ಷಕ್ಕೆ ಬಂದರೆ ಫೈಲ್ ನಿರ್ವಹಣೆ, ಸ್ಟ್ಯಾಕ್, ಕ್ಯೂ, ಸಾರ್ಟಿಂಗ್, ಎಸ್‌ಕ್ಯುಎಲ್, ನೆಟ್‌ವರ್ಕ್. 70 ಅಂಕ ಬರವಣಿಗೆಗೆ, 30 ಪ್ರಾಯೋಗಿಕಕ್ಕೆ. ಸೈನ್ಸಿನವರು ಓದುವ ಪಠ್ಯವೇ ಅದು. ಅಂಗಡಿಯ ಲೆಕ್ಕ ಬರೆಯುವ ತಂತ್ರಾಂಶ ಅಲ್ಲಿದೆ ಎಂದು ಮಗಳನ್ನು ಕಳಿಸಿದರೆ ಮೊದಲ ತಿಂಗಳಲ್ಲೇ ಅವಳು ಪೆಚ್ಚಾಗುತ್ತಾಳೆ.

ಹಾಗೆಂದು ಆ ವಿಷಯ ಬೇಡವೆನ್ನುತ್ತಿಲ್ಲ. ಎಸ್‌ಕ್ಯುಎಲ್ ಕಲಿತ ಹುಡುಗಿ ಹತ್ತು ಸಾವಿರ ವಹಿವಾಟುಗಳ ಪಟ್ಟಿಯಿಂದ ಗಿರಾಕಿವಾರು ಬಾಕಿಯನ್ನು ಒಂದೇ ಸಾಲಿನ ಆಜ್ಞೆಯಲ್ಲಿ ತೆಗೆಯಬಲ್ಲಳು. ಒಳ್ಳೆಯದೇ. ಬಿಸಿಎಯತ್ತ ಮನಸ್ಸಿದ್ದರಂತೂ ಸಿಇಬಿಎ ಸರಿಯಾದ ದಾರಿ. ಸಿಎ ಆಸೆಯಿದ್ದರೆ ಎಸ್‌ಇಬಿಎ ನೋಡಿ. ಸಿಎಯ ಮೊದಲ ಹಂತದ ಪರೀಕ್ಷೆಯಾದ ಫೌಂಡೇಷನ್ನಿನ ನಾಲ್ಕು ಪತ್ರಿಕೆಗಳಲ್ಲಿ ಮೂರನೆಯದರಲ್ಲಿ ಗಣಿತ, ತಾರ್ಕಿಕ ಪ್ರಶ್ನೆಗಳ ಜೊತೆ ಸಂಖ್ಯಾಶಾಸ್ತ್ರವೂ ಇದೆ. ಅಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ, ಹಾಗಾಗಿ ಕುರುಡು ಬಾಣ ಬಿಡುವಂತಿಲ್ಲ. ಪ್ರತಿ ಪತ್ರಿಕೆಯಲ್ಲೂ ಶೇ 40, ಒಟ್ಟಾರೆ ಶೇ 50 ಬರಬೇಕು. ಇತಿಹಾಸ ಓದಿದವರು ಸಿಎ ಮಾಡುವಂತಿಲ್ಲ ಎಂಬುದು ಬರೀ ಪುಕಾರು. ಕಂಪ್ಯೂಟರಿಗೆ ನಮ್ಮ ನಮಸ್ಕಾರ ಇಲ್ಲಿಗೆ ಸಂದಾಯವಾಯಿತು.

ಈಗ ನಿಮ್ಮ ಡೆಬಿಟ್ಟು ಕ್ರೆಡಿಟ್ಟಿಗೆ ಬರೋಣ.

ಟ್ಯಾಲಿಯಲ್ಲಿ ಹೊಸ ಖಾತೆ ತೆರೆದರೆ ಅದು ಹೆಸರು ಕೇಳುತ್ತದೆ, ಆಮೇಲೆ ‘ಅಂಡರ್’ ಎಂದು ಕೇಳುತ್ತದೆ. ಅಂದರೆ ಈ ಖಾತೆ ಯಾವ ಗುಂಪಿಗೆ ಸೇರಿದ್ದು? ಮೊದಲೇ ಕೊಟ್ಟಿರುವ 28 ಗುಂಪುಗಳಿವೆ, ಒಂದನ್ನು ಆರಿಸಬೇಕು. ಲೆಕ್ಕಶಾಸ್ತ್ರವೆಲ್ಲ ಆ ಒಂದು ಉತ್ತರದಲ್ಲಿ ಕೂತಿದೆ. ಅದನ್ನು ಯಂತ್ರ ಹೇಳಿಕೊಡುವುದಿಲ್ಲ, ಏನು ಕೊಟ್ಟರೂ ನುಂಗಿಕೊಳ್ಳುತ್ತದೆ. ಮೂರು ತಿಂಗಳ ಟ್ಯಾಲಿ ಕ್ಲಾಸುಗಳಲ್ಲಿ ಕಲಿಸುವುದು ಎಫ್5 ಒತ್ತಿದರೆ ಪಾವತಿ, ಎಫ್6 ಒತ್ತಿದರೆ ರಸೀದಿ, ಎಫ್8 ಮಾರಾಟ, ಎಫ್9 ಖರೀದಿ. ಕೀಲಿ ಗೊತ್ತು, ಬಾಗಿಲು ಗೊತ್ತಿಲ್ಲ.

ಒಂದು ಕಿರಾಣಿ ಅಂಗಡಿ ಇಟ್ಟುಕೊಳ್ಳಿ. ಮಾಲೀಕ 50,000 ರೂಪಾಯಿ ನಗದು ಹಾಕಿ ಶುರುಮಾಡಿದ. 30,000ದ ಸರಕನ್ನು ಸಗಟು ವ್ಯಾಪಾರಿಯಿಂದ ಉದ್ರಿ ತಂದು ಅಷ್ಟನ್ನೂ 36,000ಕ್ಕೆ ನಗದಾಗಿ ಮಾರಿದ. 6,000ಕ್ಕೆ ತೂಕದ ಯಂತ್ರ ಕೊಂಡ, 2,000 ಬಾಡಿಗೆ ಕೊಟ್ಟ, ಗಲ್ಲಾದಿಂದ 1,000 ಮನೆಗೆ ಒಯ್ದ. ತೂಕದ ಯಂತ್ರದ ಸವಕಳಿಯನ್ನು ಸದ್ಯಕ್ಕೆ ಬಿಟ್ಟರೆ ಲಾಭ 4,000. ಈಗ ಕೀಲಿ ಮಾತ್ರ ಕಲಿತವರ ಕೈಗೆ ಇದನ್ನು ಕೊಡಿ. ತೂಕದ ಯಂತ್ರವೂ ‘ಕೊಂಡದ್ದೇ’ ತಾನೇ ಎಂದು ಅದನ್ನು ಖರೀದಿ ಗುಂಪಿಗೆ ಹಾಕುತ್ತಾರೆ. ಮನೆಗೆ ಒಯ್ದದ್ದು ‘ಖರ್ಚೇ’ ತಾನೇ ಎಂದು ವೆಚ್ಚದ ಗುಂಪಿಗೆ ಹಾಕುತ್ತಾರೆ. 4,000 ಲಾಭ ಮಾಡಿದ ಅಂಗಡಿ ಕಾಗದದ ಮೇಲೆ 3,000 ನಷ್ಟದಲ್ಲಿ ನಿಲ್ಲುತ್ತದೆ. ಡೆಬಿಟ್, ಕ್ರೆಡಿಟ್ ಮೊತ್ತಗಳನ್ನು ಎದುರುಬದುರು ಇಡುವ ತಾಳೆ ಪಟ್ಟಿ (ಟ್ರಯಲ್ ಬ್ಯಾಲೆನ್ಸ್) ನೋಡಿದಿರೋ, ಸರಿಯಾಗಿ ಬರೆದರೂ ಎರಡೂ ಬದಿ 1,16,000, ತಪ್ಪಾಗಿ ಬರೆದರೂ ಎರಡೂ ಬದಿ 1,16,000. ತಾಳೆಯಾಯಿತು ಎಂದು ಹುಡುಗ ಕುರ್ಚಿಗೆ ಒರಗುತ್ತಾನೆ.

ಸಾಫ್ಟ್‌ವೇರಿನ ದೊಡ್ಡ ಮೋಸ ಇದೇ, ಅದು ಬೇಕೆಂದು ಮಾಡದ ಮೋಸ. ಡೆಬಿಟ್ ಕ್ರೆಡಿಟ್ ಸಮವಾಗದ ವೋಚರನ್ನು, ಅಂದರೆ ವಹಿವಾಟಿನ ನಮೂದನ್ನು, ಅದು ಉಳಿಸಿಕೊಳ್ಳುವುದೇ ಇಲ್ಲ. ಆದ್ದರಿಂದ ಅಲ್ಲಿ ತಾಳೆಯಾಗುವುದು ಯಾವ ಸಾಧನೆಯೂ ಅಲ್ಲ. ಉಳಿಯುವ ತಪ್ಪುಗಳೆಲ್ಲ ತಾಳೆ ಪಟ್ಟಿ ಹಿಡಿಯಲಾರದ ಜಾತಿಯವು: ತಪ್ಪು ಗುಂಪು, ತಪ್ಪು ಗಿರಾಕಿ, ಬಿಟ್ಟೇಹೋದ ಬಿಲ್ಲು, ಎರಡು ಸಲ ಬರೆದ ಬಿಲ್ಲು. ಇವನ್ನು ಹಿಡಿಯಲು ತಲೆಯೊಳಗೆ ತತ್ವ ಇರಬೇಕು. ನೀವು ‘ಗೆರೆ ಹೊಡೆಸುವುದು’ ಎಂದಿರಲ್ಲ, ಆ ಕೆಲಸ ಕೂರಿಸುವುದು ಇದನ್ನೇ.

ಕೈಯಲ್ಲಿ ಬರೆದ ಲೆಕ್ಕ ತಾಳೆಯಾಗದೆ ಹೋದಾಗ ಶುರುವಾಗುವ ಬೇಟೆ ಬೇರೆಯೇ. ವ್ಯತ್ಯಾಸ 900 ಬಂತೋ, ಒಂಬತ್ತರಿಂದ ಭಾಗಿಸಿ ನೋಡಿ. ನಿಶ್ಶೇಷವಾಗಿ ಹೋದರೆ ಎಲ್ಲೋ ಅಂಕಿ ಅದಲುಬದಲಾಗಿದೆ, 5,400 ಬರೆಯಬೇಕಾದಲ್ಲಿ 4,500 ಕೂತಿರುವ ಸಂಭವ ಹೆಚ್ಚು. ವ್ಯತ್ಯಾಸ 640 ಬಂತೋ, ಅರ್ಧ ಮಾಡಿ, 320ರ ಯಾವುದಾದರೂ ನಮೂದು ತಪ್ಪು ಬದಿಗೆ ಹೋಗಿದೆಯೇ ಹುಡುಕಿ. ಸರಿಯಾಗಿ 100 ಅಥವಾ 1,000 ಬಂದರೆ ಕೂಡುವಾಗ ದಶಕ ಬಿಟ್ಟಿದ್ದೀರಿ, ಮೊತ್ತವನ್ನು ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡಿ. ಹದಿನಾರರ ವಯಸ್ಸಿನಲ್ಲಿ ಹತ್ತು ಸಲ ಈ ಬೇಟೆಯಾಡಿದವರಿಗೆ ಅಂಕಿಯ ಮುಖ ನೋಡಿದರೇ ಅನುಮಾನ ಹುಟ್ಟುತ್ತದೆ.

ಸ್ಪ್ರೆಡ್‌ಶೀಟಿನಲ್ಲೂ ಆ ಅನುಮಾನ ಬೇಕು. ಬ್ಯಾಂಕಿನಿಂದ ಇಳಿಸಿಕೊಂಡ ಪಟ್ಟಿಯಲ್ಲಿ ಕೆಲವು ಅಂಕಿಗಳು ಅಕ್ಷರವಾಗಿ ಕೂತಿರುತ್ತವೆ. ಎಕ್ಸೆಲ್ಲಿನ ಸಮ್ ಸೂತ್ರ ಅವುಗಳನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ. ಕೋಶದ ಎಡಕ್ಕೆ ಅಂಟಿಕೊಂಡ ಅಂಕಿ ಕಂಡರೆ ಎಚ್ಚರಗೊಳ್ಳಬೇಕು ಎಂದು ತಿಳಿಯದವರು ಮೊತ್ತವನ್ನು ನಂಬಿ ಕೆಡುತ್ತಾರೆ.

ಅಷ್ಟಕ್ಕೂ ಡೆಬಿಟ್ಟು ಕ್ರೆಡಿಟ್ಟನ್ನು ಬಾಯಿಪಾಠ ಮಾಡಿಸುವುದು ನಮಗೂ ಇಷ್ಟವಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಎಲ್ಲರಿಗೂ ಗೊತ್ತು. ಈರಭದ್ರನ ಖಾತೆಗೆ ಡೆಬಿಟ್, ಕೋಡಂಗಿಯ ಖಾತೆಗೆ ಕ್ರೆಡಿಟ್. ವ್ಯಕ್ತಿ ಖಾತೆಗಳ ನಿಯಮ ಮುಗಿಯಿತು. ಬ್ಯಾಂಕಿಗೆ ಹಣ ಕಟ್ಟಿದರೆ ನಮ್ಮ ಪುಸ್ತಕದಲ್ಲಿ ಬ್ಯಾಂಕೇ ಈರಭದ್ರ, ಆದ್ದರಿಂದ ಡೆಬಿಟ್. ಬ್ಯಾಂಕಿನವರು ಪಾಸ್‌ಬುಕ್ಕನ್ನು ತಮ್ಮ ಕಡೆಯಿಂದ ಬರೆಯುತ್ತಾರೆ, ಅಲ್ಲಿ ಕೊಟ್ಟ ಕೋಡಂಗಿ ನಾವು, ಆದ್ದರಿಂದ ಕ್ರೆಡಿಟ್. ನಮ್ಮ ಪುಸ್ತಕವನ್ನೂ ಪಾಸ್‌ಬುಕ್ಕನ್ನೂ ಹೊಂದಿಸಿ ನೋಡುವ ಪ್ರಥಮ ಪಿಯುಸಿಯ ಬ್ಯಾಂಕ್ ಸಮನ್ವಯ ಪಟ್ಟಿಯಲ್ಲಿ ತರಗತಿಗೆ ತರಗತಿಯೇ ಎಡವುವುದು ಈ ಒಂದು ಕಲ್ಲಿಗೆ.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಹುಣಸೆ ಬೀಜದ ಅಂಟಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ‘ಕಡತ’ ವರ್ತಕರ ಮತ್ತು ಶ್ಯಾನುಭೋಗರ ಲೆಕ್ಕದ ಪುಸ್ತಕವಾಗಿತ್ತು. ಬಟ್ಟೆ ಹೋಯಿತು, ಹೆಸರು ಸರ್ಕಾರಿ ಕಚೇರಿಯ ಫೈಲಿಗೆ ಅಂಟಿಕೊಂಡಿತು. ಕಿರ್ದಿ (ದಿನದ ವಹಿವಾಟಿನ ಪುಸ್ತಕ), ಖಾತೆ, ಜಮಾ, ಉದ್ರಿ, ಶಿಲ್ಕು, ತಾಳೆ, ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಎಂಬ ಮಾತುಗಳು ಹಳೆಯ ಅಂಗಡಿಗಳಲ್ಲಿ, ಸಹಕಾರ ಸಂಘಗಳಲ್ಲಿ ಇನ್ನೂ ಜೀವಂತ ಇವೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ‘ಶಿಲ್ಕು’ ಎಂದರೆ ಅಜ್ಜನ ಗಲ್ಲಾ ನೆನಪಾಗುತ್ತದೆ, ‘ಕ್ಲೋಸಿಂಗ್ ಬ್ಯಾಲೆನ್ಸ್ ಆಫ್ ಕ್ಯಾಶ್’ ಎಂದರೆ ಪರೀಕ್ಷೆ ನೆನಪಾಗುತ್ತದೆ. ಪಾಠ ಶುರುವಾಗುವುದು ಎರಡನೆಯದರಿಂದ! ನೀವು ಕೊಂಡಾಡುವ ಟ್ಯಾಲಿ ಕೂಡ ಹೊರಗಿನದೇನಲ್ಲ, 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಂಪನಿಯದು. ತಂದೆ ಶ್ಯಾಮ್ ಸುಂದರ್ ಗೋಯೆಂಕಾ ಅವರ ವ್ಯವಹಾರದ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಬೇಕೆಂದು ಮಗ ಭರತ್ ಗೋಯೆಂಕಾ ಅದನ್ನು ಬರೆದರು. ಲೆಕ್ಕದ ಪುಸ್ತಕ ಮೊದಲು ಇತ್ತು, ಯಂತ್ರ ಅದರ ಹಿಂದೆ ಬಂತು.

ಪುಸ್ತಕ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಜುಲೈ ತೋರಿಸಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ಕೂಡಿ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸುಗಳಲ್ಲಿ ಕ್ಯೂಆರ್ ಹಾಳೆ ಕಿತ್ತು ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ತರಕಾರಿಯಂಥ ವಿನಾಯಿತಿ ಸರಕನ್ನಷ್ಟೇ ಮಾರಿದರೆ ನೋಂದಣಿಯೇ ಬೇಕಿಲ್ಲ. ಫೋನಿಗೆ ಬಂದದ್ದೆಲ್ಲ ವ್ಯಾಪಾರವೂ ಅಲ್ಲ, ಭಾವಮೈದುನ ತೀರಿಸಿದ ಕೈಸಾಲವೂ ಅದರಲ್ಲಿ ಇರಬಹುದು. ಇಷ್ಟನ್ನು ಬಿಡಿಸಿ ತೋರಿಸಲು ಬೇಕಿದ್ದದ್ದು ದಿನಕ್ಕೆ ಹತ್ತು ನಿಮಿಷ ಬರೆದ ಒಂದು ಕಿರ್ದಿ. ಇಲಾಖೆಯನ್ನು ಬೈದದ್ದು ಬೈದಾಯಿತು. ಹತ್ತು ವರ್ಷ ಶಾಲೆಯಲ್ಲಿ ಕೂರಿಸಿಯೂ ಒಂದು ಕಿರ್ದಿ ಬರೆಯಲು ಕಲಿಸದ ನಮ್ಮ ಪಠ್ಯಕ್ರಮವನ್ನು ಯಾರೂ ಬೈಯಲಿಲ್ಲ. ಹತ್ತನೇ ತರಗತಿಯ ಸಮಾಜ ವಿಜ್ಞಾನದ ಮೂಲೆಯಲ್ಲಿ ಬ್ಯಾಂಕು, ಉದ್ಯಮಗಾರಿಕೆ, ಗ್ರಾಹಕರ ಹಕ್ಕು ಎಂದು ವ್ಯವಹಾರ ಅಧ್ಯಯನದ ಕೆಲವು ಪಾಠಗಳಿವೆ. ಓದಿ ಬರೆಯುವುದಕ್ಕೆ ಉಂಟು, ಲೆಕ್ಕ ಇಡುವುದಕ್ಕೆ ಇಲ್ಲ.

ಇನ್ನೂ ಹೊಟ್ಟೆ ಉರಿಸುವ ಸಂಗತಿಯೊಂದಿದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಗದಗ ಸಮೀಪದ ಕಣಗಿನಹಾಳದಲ್ಲಿ, 1905ರಲ್ಲಿ. ಅಂಥ ನಾಡಿನಲ್ಲಿ ವರ್ಷಕ್ಕೊಮ್ಮೆ ಸರ್ವ ಸಾಧಾರಣ ಸಭೆಗೆ ಅಢಾವೆ ಪತ್ರಿಕೆ ಅಚ್ಚು ಹಾಕಿಸಿ ಹಂಚುತ್ತಾರೆ, ಸದಸ್ಯರು ಅದರ ಮೇಲೆ ಮಂಡಕ್ಕಿ ಸುರಿದುಕೊಂಡು ತಿಂದು ಏಳುತ್ತಾರೆ. ಸುಸ್ತಿ ಸಾಲದ ಮೇಲೆ ‘ಬರಬೇಕಾದ ಬಡ್ಡಿ’ಯನ್ನು ಆದಾಯವೆಂದು ತೋರಿಸಿ ಅದಕ್ಕೆ ತಕ್ಕ ನಿಧಿ ಕಾಯ್ದಿರಿಸದಿದ್ದರೆ ಲಾಭ ಉಬ್ಬುತ್ತದೆ. ಇದನ್ನು ಎದ್ದು ನಿಂತು ಕೇಳಲು ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರ ಸಾಕು. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಕಂಪ್ಯೂಟರ್ ಬಂದೀತು, ಆ ಪ್ರಶ್ನೆ ಕೇಳುವವರು?

ಲೆಕ್ಕಶಾಸ್ತ್ರ ಕಲಿಸುವ ರೀತಿಯ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಪುಸ್ತಕದ ಸಮಸ್ಯೆ “ಸರಕನ್ನು ನಗದಿಗೆ ಖರೀದಿಸಿದರು, ರೂ 10,000” ಎಂದು ಬಾಯಿಗೆ ತುತ್ತಿಡುತ್ತದೆ. ನಿಜವಾದ ಬಿಲ್ಲು ಹಾಗಿರುವುದಿಲ್ಲ. ಸರಕು 10,000, ಕೇಂದ್ರದ ತೆರಿಗೆ ಸಿಜಿಎಸ್‌ಟಿ 900, ರಾಜ್ಯದ ತೆರಿಗೆ ಎಸ್‌ಜಿಎಸ್‌ಟಿ 900, ಒಟ್ಟು 11,800. ನೋಂದಾಯಿತ ವ್ಯಾಪಾರಿ ಅಷ್ಟನ್ನೂ ಖರೀದಿ ಖಾತೆಗೆ ಬರೆದರೆ, ಮಾರಾಟದ ತೆರಿಗೆಯಲ್ಲಿ ಮುರಿದುಕೊಳ್ಳಬಹುದಾದ 1,800 ಲೆಕ್ಕದಿಂದ ಮಾಯವಾಗುತ್ತದೆ. ನೋಂದಣಿ ಇಲ್ಲದವನಿಗೆ ಅದೇ 11,800 ಪೂರ್ತಿ ಸರಕಿನ ಬೆಲೆ. ಒಂದೇ ಬಿಲ್ಲು, ಎರಡು ಬರವಣಿಗೆ. ತರಗತಿಗೆ ಹಳೆಯ ಬಿಲ್ಲುಗಳ ಒಂದು ಕಟ್ಟು ತಂದು ಮೇಜಿನ ಮೇಲೆ ಸುರಿಯುವ ಉಪನ್ಯಾಸಕರು ಸಿಕ್ಕಿದರೆ ಮಗಳ ಪುಣ್ಯ.

ಸಿಗುತ್ತಾರೆಂದು ಕಾಯಬೇಡಿ. ಕಾಲೇಜು ಶುರುವಾಗುವವರೆಗೆ ಮನೆಯ ಲೆಕ್ಕವನ್ನು ಅವಳ ಕೈಗೆ ಕೊಡಿ. 200 ಪುಟದ ಸಾದಾ ನೋಟ್‌ಬುಕ್ ಸಾಕು. ಮುಂದಿನ ಅರ್ಧದಲ್ಲಿ ಕಿರ್ದಿ: ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು, ಪ್ರತಿಯೊಂದಕ್ಕೂ ಬಿಲ್ಲಿನ ಕ್ರಮಸಂಖ್ಯೆ. ಬಿಲ್ಲು ಇಲ್ಲದ ಖರ್ಚಿಗೆ ಅವಳೇ ಒಂದು ಚೀಟಿ ಬರೆದು ನಿಮ್ಮಿಂದ ಸಹಿ ಹಾಕಿಸಿಕೊಳ್ಳಲಿ. ರಾತ್ರಿ ಊಟಕ್ಕೆ ಮುಂಚೆ ಡಬ್ಬಿಯ ಹಣವನ್ನು ಎಣಿಸಿಯೇ ಶಿಲ್ಕು ಬರೆಯಬೇಕು, ಕಳೆದು ಬಂದ ಅಂಕಿಯನ್ನು ಸುಮ್ಮನೆ ಇಳಿಸುವಂತಿಲ್ಲ. ಹಿಂದಿನ ಅರ್ಧದಲ್ಲಿ ಹತ್ತು ಖಾತೆಗಳು ಸಾಕು: ಹಾಲು, ಕಿರಾಣಿ, ವಿದ್ಯುತ್, ಗ್ಯಾಸ್, ಔಷಧಿ, ಹೀಗೆ. ಭಾನುವಾರಕ್ಕೊಮ್ಮೆ ಕಿರ್ದಿಯಿಂದ ಖಾತೆಗೆ ಏರಿಸುವುದು, ತಿಂಗಳ ಕೊನೆಗೆ ತಾಳೆ. ಅಳಿಸುವ ರಬ್ಬರು ಬೇಡ. ತಪ್ಪಿದ್ದರೆ ಅಡ್ಡಗೆರೆ ಎಳೆದು ಮೇಲೆ ಬರೆಯಲಿ, ಹಳೆಯ ಅಂಕಿ ಕಾಣುತ್ತಿರಲಿ. ಮಿಕ್ಸಿ ಕೊಂಡ ತಿಂಗಳು ಅದನ್ನು ಖರ್ಚೆನ್ನಬೇಕೋ ಆಸ್ತಿಯೆನ್ನಬೇಕೋ ಎಂದು ಅವಳು ನಿಮ್ಮನ್ನು ಕೇಳಿದರೆ ಮರುದಿನದಿಂದ ಟ್ಯಾಲಿಗೆ ಕೂರಿಸಬಹುದು. ಹಣ ಕಟ್ಟಬೇಕಿಲ್ಲ, ಟ್ಯಾಲಿಪ್ರೈಮಿನ ಎಜುಕೇಷನಲ್ ಮೋಡ್ ಉಚಿತ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ ಹಾಕಲು ಬರುತ್ತದೆ. ತಂತ್ರಾಂಶ ಕೆಟ್ಟಿದೆ ಎಂದುಕೊಂಡು ಗಾಬರಿಯಾಗಬೇಡಿ.