ನಿಘಂಟು ಬೇಡ, ಬಾಡಿಗೆ ಮನೆಯ ಕಥೆ ಬರೆಯಿರಿ

ಮಧುಗಿರಿಯ ಗೆಳೆಯರೇ,

ನೀವು ಕಳಿಸಿದ 'ಭಟ್ಟರ ನಿಘಂಟು' ಹಾಸ್ಯ ಬರಹವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಆದರೆ ಮೂರನೇ ಪುಟದಲ್ಲಿ ಆರು ಸಾಲು ಇವೆ. ಆ ಆರು ಸಾಲಿಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಹೊಸದಾಗಿ ಬರೆಯುವ ಬೇರೆಯವರಿಗೂ ಉಪಯೋಗ ಆಗಲಿ ಅಂತ ನಿಮ್ಮ ಹೆಸರು ಹಾಕದೆ ಇಲ್ಲೇ ಉತ್ತರ ಕೊಡುತ್ತಿದ್ದೇನೆ, ಬೇಜಾರಾಗಬೇಡಿ.

ಓದದವರಿಗೆ ವಿಷಯ ಇಷ್ಟು. ಭಟ್ಟ ಅನ್ನುವ ಅಡ್ಡಹೆಸರನ್ನೂ ಅಡುಗೆಯನ್ನೂ ಸೇರಿಸಿ ನೀವು 22 ಹೊಸ ಪದ ಕಟ್ಟಿದ್ದೀರಿ. 'ಭಟ್ಟಿಸು' ಅಂದರೆ ನೆಂಟರು ಜಾಸ್ತಿ ಬಂದಾಗ ಸಾರಿಗೆ ನೀರು ಸೇರಿಸುವುದು. 'ಅರೆಭಟ್ಟ' ಅಂದರೆ ಅನ್ನ ಮಾಡಲು ಬರುತ್ತದೆ, ಸಾರು ಮಾಡಲು ಬರುವುದಿಲ್ಲ ಅನ್ನುವವನು. 'ಭಟ್ಟಾಘಾತ' ಅಂದರೆ ಗಂಡ ಮೊದಲ ಸಲ ಅಡುಗೆಮನೆಗೆ ನುಗ್ಗಿದಾಗ ಹೆಂಡತಿಗೆ ಆಗುವುದು. ಹೀಗೆ ಮುಂದುವರಿಯುತ್ತದೆ.

ಅರೆಭಟ್ಟನಿಗೆ ನಾನು ನಿಜವಾಗಿ ನಕ್ಕೆ. ಆ ಪದಕ್ಕೆ ನೀವು ಅರ್ಥ ಬರೆಯುವ ಮೊದಲೇ ಅರ್ಥ ಆಗಿಬಿಟ್ಟಿತ್ತು. ಉಳಿದ 21 ಪದಗಳ ಕಷ್ಟ ಏನೆಂದರೆ, ನೀವು ಪಕ್ಕದಲ್ಲಿ ನಿಂತು ವಿವರಿಸದೆ ಹೋದರೆ ಅವು ನಡೆಯುವುದಿಲ್ಲ. ಜನರ ಬಾಯಲ್ಲಿ ಹುಟ್ಟಿದ ಮಾತಿಗೆ ಈ ಕಷ್ಟ ಇಲ್ಲ. ಹಾಸ್ಟೆಲ್ ಹುಡುಗರು ಉಪ್ಪಿಟ್ಟಿಗೆ ಕಾಂಕ್ರೀಟ್ ಅನ್ನುತ್ತಾರೆ. ಯಾರೂ ಅವರಿಗೆ ಕಲಿಸಲಿಲ್ಲ. ಆರಿದ ಉಪ್ಪಿಟ್ಟನ್ನು ತಟ್ಟೆಯಿಂದ ಒಮ್ಮೆ ಕಿತ್ತು ನೋಡಿದವರಿಗೆ ಅದಕ್ಕಿಂತ ಬೇರೆ ಹೆಸರು ಹೊಳೆಯುವುದೇ ಇಲ್ಲ. ಕೆಲಸ ಕೆಟ್ಟರೆ 'ಎಲ್ಲಾ ಚಿತ್ರಾನ್ನ ಆಗೋಯ್ತು' ಅನ್ನುತ್ತೇವೆ, ಕರೆಯದೆ ಮಾತಿನ ಮಧ್ಯೆ ಬಂದವನು ಒಗ್ಗರಣೆ ಹಾಕುತ್ತಾನೆ, ಜಗ್ಗದವರ ಹತ್ತಿರ ನಮ್ಮ ಬೇಳೆ ಬೇಯುವುದಿಲ್ಲ. ಇವೆಲ್ಲ ಒಲೆಯ ಮುಂದೆ ನಿಂತವರು ಆಡಿದ ಮಾತು. ನಿಮ್ಮವು ಮೇಜಿನ ಮುಂದೆ ಕೂತು ಮಾಡಿದವು, ಅದು ಗೊತ್ತಾಗುತ್ತದೆ.

ಭಟ್ಟಿಸು ಪದದ ಬಗ್ಗೆ ಒಂದು ಮಾತು. 'ಇಸು' ಸೇರಿಸಿ ಕ್ರಿಯಾಪದ ಮಾಡುವುದು ಬರಹದ ಅಭ್ಯಾಸ, ಹರಟೆ ಹೊಡೆಯುವವರು ಹಾಗೆ ಪದ ಕಟ್ಟುವುದು ಕಡಿಮೆ. ಅದಕ್ಕಿಂತ ದೊಡ್ಡ ತೊಂದರೆ, ಭಟ್ಟಿ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಸಾರಾಯಿ ಇಳಿಸುವ ಭಟ್ಟಿ. ನೀವು ಸಾರಿಗೆ ನೀರು ಹಾಕುತ್ತಿದ್ದೀರಿ, ಓದುವವನು ಹೊಲದ ಬದಿಯಲ್ಲಿ ಗಡಿಗೆ ಹುಡುಕುತ್ತಿದ್ದಾನೆ. ಬರೆದದ್ದನ್ನು ಒಂದು ಸಲ ಜೋರಾಗಿ ಓದಿದ್ದರೆ ಇದು ನಿಮ್ಮ ಕಿವಿಗೇ ಬೀಳುತ್ತಿತ್ತು.

ತುಪ್ಪದ ವಿಷಯದ ನಾಲ್ಕು ಪದ ತೆಗೆದುಬಿಡಿ. ಅಲ್ಲಿ ನಗು ಅಡುಗೆಯ ಮೇಲಿಲ್ಲ, ಒಂದು ಜಾತಿಯ ಮೇಲಿದೆ. ಯಾವ ಜಾತಿಯ ಬಗ್ಗೆ ಬರೆದು ಕಳಿಸಿದರೂ ನನ್ನ ಉತ್ತರ ಇದೇ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನೀವು ಭಟ್ಟ ಅನ್ನುವುದನ್ನು ಎಲ್ಲ ಕಡೆ ಅಡ್ಡಹೆಸರು ಅಂತಲೇ ಹಿಡಿದಿದ್ದೀರಿ. ಆದರೆ ನಮ್ಮ ತುಮಕೂರು, ಕೋಲಾರದ ಕಡೆ ಹೆಚ್ಚಿನವರಿಗೆ ಅಡ್ಡಹೆಸರೇ ಇಲ್ಲ, ಅಲ್ವಾ? ಹೆಸರಿನ ಮುಂದೆ ಎರಡು ಅಕ್ಷರ, ಒಂದು ಊರಿನದು, ಇನ್ನೊಂದು ಅಪ್ಪನದು. ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿಯವರನ್ನೇ ತೆಗೆದುಕೊಳ್ಳಿ, ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಊರು, ಅಪ್ಪ, ತಾನು, ಅಷ್ಟೇ. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಅಡುಗೆಮನೆಯ ಸಾಮಾನೆಲ್ಲ ಅಡ್ಡಹೆಸರಾಗಿರುವುದು ಉತ್ತರ ಕರ್ನಾಟಕದಲ್ಲಿ. ಭಟ್ ಅಂತ ಬರೆದುಕೊಳ್ಳುವವರು ಜಾಸ್ತಿ ಇರುವುದು ಶಿರಸಿ, ಹೊನ್ನಾವರ, ಪುತ್ತೂರಿನ ಕಡೆ. ನಮ್ಮಲ್ಲಿ ಭಟ್ಟರು ಅಂದರೆ ಕೆಲಸದ ಹೆಸರು. ನಮ್ಮೂರು ಗುಬ್ಬಿಯ ಹತ್ತಿರ. ಮನೆಯಲ್ಲಿ ಮದುವೆ ಗೊತ್ತಾದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, 'ಭಟ್ಟರಿಗೆ ಹೇಳಿದ್ರಾ?' ಆ ಭಟ್ಟರ ನಿಜವಾದ ಹೆಸರು ನನಗೆ ತಿಳಿದಿದ್ದು ದೊಡ್ಡವನಾದ ಮೇಲೆ, ಮತ್ತು ಅದರಲ್ಲಿ ಭಟ್ಟ ಅನ್ನುವ ಪದವೇ ಇರಲಿಲ್ಲ. ಕೊಳದಪ್ಪಲೆಯ ಪಕ್ಕ ನಿಂತು ಮುಷ್ಟಿಯಲ್ಲಿ ಉಪ್ಪು ಹಾಕುತ್ತಿದ್ದರು, ರುಚಿ ನೋಡುತ್ತಿರಲಿಲ್ಲ. ದೇವರಿಗೆ ಎಡೆ ಆಗುವ ಮೊದಲು ನಾಲಿಗೆಗೆ ಮುಟ್ಟಿಸುವಂತಿಲ್ಲ, ಹಾಗಾಗಿ ವಾಸನೆಯಲ್ಲೇ ಹದ ಹಿಡಿಯುತ್ತಿದ್ದರು. ಮೂರನೇ ಪಂಕ್ತಿಗೆ ಜನ ಜಾಸ್ತಿಯಾದರೂ ಅವರ ಮುಖದಲ್ಲಿ ಗಾಬರಿ ಕಂಡಿದ್ದಿಲ್ಲ. ಇಂಥವರ ಜೊತೆ ಒಂದು ದಿನ ಕೂತಿದ್ದರೆ ನಿಮಗೆ 22 ಪದ ಕಟ್ಟುವ ಶ್ರಮವೇ ಇರುತ್ತಿರಲಿಲ್ಲ.

ಈ ಪದದ ದಾರಿಯೂ ಚೆನ್ನಾಗಿದೆ, ನೀವು ಅದನ್ನು ಮುಟ್ಟಲೇ ಇಲ್ಲ. ಭಟ್ಟ ಅಂದರೆ ಮೊದಲು ಪಂಡಿತ. ಬಾಣಭಟ್ಟ, ಕುಮಾರಿಲ ಭಟ್ಟ ನೆನಪಿಸಿಕೊಳ್ಳಿ. (ನೀವು ಒಂದು ಕಡೆ ಅದನ್ನು ಸೈನಿಕ ಅಂತ ಬರೆದಿದ್ದೀರಿ. ಅದು ಭಟ, ಒತ್ತಿಲ್ಲದ್ದು. ತಿದ್ದಿಕೊಳ್ಳಿ.) ಪಂಡಿತನ ಬಿರುದು ಪೂಜೆಯವರಿಗೆ ಬಂತು, ಅಲ್ಲಿಂದ ಮಡಿಯಲ್ಲಿ ಅಡುಗೆ ಮಾಡುವವರಿಗೆ ಬಂತು. ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. ಗುಜರಾತಿ, ಮಾರವಾಡಿ ಮನೆಗಳಲ್ಲಿ ಅಡುಗೆಯವರನ್ನು ಮಹಾರಾಜ್ ಅನ್ನುತ್ತಾರೆ. ಬಂಗಾಳಿ ಮನೆಗಳಲ್ಲಿ ಠಾಕೂರ್ ಅನ್ನುತ್ತಾರೆ, ರವೀಂದ್ರನಾಥರ ಮನೆತನದ ಹೆಸರೂ ಅದೇ. 1924ರಲ್ಲಿ ಬೆಂಗಳೂರಿನಲ್ಲಿ ಎಂಟಿಆರ್ ಶುರು ಮಾಡಿದವರು ಮಯ್ಯ ಸಹೋದರರು, ಈಗ ಮಯ್ಯ ಅಂದರೆ ಎಷ್ಟೋ ಜನಕ್ಕೆ ಮೊದಲು ರವೆ ಇಡ್ಲಿ ನೆನಪಾಗುತ್ತದೆ. ಇಷ್ಟನ್ನೂ ಬರಹದೊಳಗೆ ತುರುಕಬೇಡಿ. ಬರೆಯುವಾಗ ನಿಮಗೆ ಗೊತ್ತಿದ್ದರೆ ಸಾಕು.

ಆ ಆರು ಸಾಲಿಗೆ ಬರೋಣ. ಶಿರಸಿಯಿಂದ ವರ್ಗವಾಗಿ ಬಂದ ಲೆಕ್ಕದ ಮೇಷ್ಟ್ರು ತುಮಕೂರಿನಲ್ಲಿ ಬಾಡಿಗೆ ಮನೆ ನೋಡಲು ಹೋಗುತ್ತಾರೆ. ಹೆಸರು ಕೇಳಿದರೆ 'ಭಟ್' ಅನ್ನುತ್ತಾರೆ. ಮನೆಯ ಅಜ್ಜಿ ಖುಷಿಯಿಂದ, 'ದೇವ್ರು ಕಳ್ಸಿದಂಗೆ ಬಂದ್ರಿ ಭಟ್ರೇ. ಮೊಮ್ಮಗೂನ ನಾಮಕರಣ ಐತೆ. ಇನ್ನೂರು ಜನಕ್ಕೆ ಎಷ್ಟು ತಗೋತೀರ?' ಅನ್ನುತ್ತಾರೆ. ಅಷ್ಟು ಬರೆದು ನೀವು ಮತ್ತೆ ನಿಘಂಟಿಗೆ ಓಡಿಹೋಗಿದ್ದೀರಿ. ಯಾಕೆ? ನೀವು ಹುಡುಕುತ್ತಿದ್ದ ನಗು ಪೂರ್ತಿ ಅಲ್ಲೇ ಇತ್ತು. ಒಂದೇ ಪದ, ಇವರಿಗೆ ಅಡ್ಡಹೆಸರು, ಅವರಿಗೆ ಕಸುಬು. ಇಬ್ಬರೂ ಒಳ್ಳೆಯವರು, ಇಬ್ಬರದೂ ತಪ್ಪಿಲ್ಲ.

ಅಲ್ಲೇ ನಿಲ್ಲಿ. ಮೇಷ್ಟ್ರಿಗೆ ಮನೆ ಬೇಕೇ ಬೇಕು, ಇಲ್ಲ ಅಂದರೆ ಅಜ್ಜಿಯ ಮುಖ ಬಾಡುತ್ತದೆ. ಅವರಿಗೆ ಅಡುಗೆ ಬರುವುದಿಲ್ಲ, ಆದರೆ ಲೆಕ್ಕ ಬರುತ್ತದೆ. ತಲೆಗೆ 100 ಗ್ರಾಂ ಅಕ್ಕಿ ಅಂದರೆ 20 ಕೆಜಿ ಅಂತ ಬಾಯಿಂದ ತಾನಾಗಿ ಬಂದುಬಿಡುತ್ತದೆ, ಅಜ್ಜಿಗೆ ಇವರು ಪಕ್ಕಾ ಭಟ್ಟರೇ ಅಂತ ಖಾತ್ರಿಯಾಗುತ್ತದೆ. ಆಮೇಲೆ ಅಜ್ಜಿ 'ಹಿಟ್ಟು ಉಣ್ತೀರಾ?' ಅಂತ ಕೇಳಲಿ. ನಮ್ಮ ಕಡೆ ಹಿಟ್ಟು ಅಂದರೆ ರಾಗಿ ಮುದ್ದೆ, ಶಿರಸಿಯವರಿಗೆ ಹಿಟ್ಟು ಅಂದರೆ ಬರೀ ಹಿಟ್ಟು. ಈಗ ತಬ್ಬಿಬ್ಬಾಗುವ ಸರದಿ ಮೇಷ್ಟ್ರದು. ಒಂದು ಪದಕ್ಕೆ ಅಜ್ಜಿ ಎಡವಿದರೆ ಇನ್ನೊಂದಕ್ಕೆ ಅವರು ಎಡವುತ್ತಾರೆ. ಹೀಗೆ ಮಾಡಿದರೆ ಯಾರೊಬ್ಬರೂ ನಗೆಪಾಟಲಾಗುವುದಿಲ್ಲ.

ಮನೆ ಎಲ್ಲಿದೆ ಅಂತಲೂ ಬರೆಯಿರಿ. ಕ್ಯಾತ್ಸಂದ್ರದಲ್ಲಿದ್ದರೆ ತಟ್ಟೆ ಇಡ್ಲಿ ಇಲ್ಲದೆ ಬೆಳಗಾಗುವುದು ಹೇಗೆ? ಅಜ್ಜಿಯ ಮಾತನ್ನು ಈಗ ಇರುವ ಹಾಗೇ ಬಿಡಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಮೇಷ್ಟ್ರ ಮಾತು ಮಾತ್ರ ಎಲ್ಲಿಯದೂ ಅಲ್ಲದಂತೆ ಇದೆ, ಶಿರಸಿಯವರೊಬ್ಬರ ಹತ್ತಿರ ಅರ್ಧ ಗಂಟೆ ಕೂತು ಕೇಳಿಸಿಕೊಳ್ಳಿ. ಅರೆಭಟ್ಟ ಪದವನ್ನು ಉಳಿಸಿಕೊಳ್ಳಿ, ನಾಮಕರಣದ ದಿನ ಅದನ್ನು ಅಜ್ಜಿಯ ಬಾಯಲ್ಲಿ ಹೇಳಿಸಬಹುದು. ಎರಡು ಪುಟ ಸಾಕು. ಅವಸರ ಇಲ್ಲ, ಮುಂದಿನ ತಿಂಗಳು ಕಳಿಸಿದರೂ ಆಯಿತು, ಬಂದ ದಿನವೇ ಓದುತ್ತೇನೆ.

ಎಷ್ಟು ತಗೋತೀರ ಅಂತ ಅಜ್ಜಿ ಕೇಳಿದ್ದಕ್ಕೆ ಮೇಷ್ಟ್ರು ಏನು ಹೇಳಿದರು ಅಂತ ನೀವು ಬರೆದೇ ಇಲ್ಲ. ಮೂರು ದಿನದಿಂದ ನಾನು ಅದನ್ನೇ ಯೋಚಿಸುತ್ತಿದ್ದೇನೆ.