ಕ್ರಾಪಿ ದಡಕ್ಕೆ ಬರುವ ಹೊತ್ತು

ಗಾಳ–ದಾರ: ಓದುಗರ ಪ್ರಶ್ನೆಗಳಿಗೆ ಕಾರವಾರದ ನಿವೃತ್ತ ಮಾಸ್ತರರ ಉತ್ತರ

ಮಗಳ ಮನೆಗೆಂದು ಟೆನೆಸಿಗೆ ಹೋದಾಗ ಅಲ್ಲಿನ ಕೆರೆಯಲ್ಲಿ ಹಿಡಿಯುವ ಕ್ರಾಪಿ ಮೀನಿನ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ಉತ್ತರ ಕನ್ನಡದ ಅರ್ಧ ಮಕ್ಕಳು ಅಮೆರಿಕದ ಕೆರೆ ದಂಡೆಯಲ್ಲೇ ಕುಳಿತಿರುವಂತಿದೆ. ಈ ತಿಂಗಳು ಬಂಗಡೆ, ಸಿಗಡಿಯ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ.

ಮಾಸ್ತರರೇ, ನಾನು ಕುಮಟಾದವನು, ಅಘನಾಶಿನಿಯ ಅಳಿವೆಯಲ್ಲಿ ಗಾಳ ಹಾಕುತ್ತ ಬೆಳೆದವನು. ಈಗ ಕೆಲಸಕ್ಕಾಗಿ ಟೆನೆಸಿಯಲ್ಲಿದ್ದೇನೆ. ಏಪ್ರಿಲ್ ಬಂದರೆ ಕ್ರಾಪಿ ದಡಕ್ಕೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕಳೆದ ಏಪ್ರಿಲ್ ಮೊದಲ ವಾರ ಬೆಳಗಿನ ಜಾವವೇ ಹೋಗಿ ಕುಳಿತರೂ ಬೆಂಡು ಅಲುಗಲಿಲ್ಲ. ಏನು ಮಾಡಲಿ?

ತಮ್ಮಾ, ಅಳಿವೆಯಲ್ಲಿ ತಿಥಿ ನೋಡಿದರೆ ಉಬ್ಬರದ ಹೊತ್ತು ಗೊತ್ತಾಗುತ್ತದೆ. ಒಳನಾಡಿನ ಕೆರೆಗೆ ಆ ಲೆಕ್ಕವಿಲ್ಲ. ಅಲ್ಲಿ ನೀನು ನೋಡಬೇಕಾದದ್ದು ನೀರಿನ ಉಷ್ಣತೆ. ಒಂದು ಅಗ್ಗದ ಥರ್ಮಾಮೀಟರಿಗೆ ದಾರ ಕಟ್ಟಿ ಮೊಣಕಾಲುದ್ದದ ನೀರಿನಲ್ಲಿ ಇಳಿಬಿಡು, ಆಮೇಲೆ ಆಳದಲ್ಲೂ ನೋಡು. ಹತ್ತು ಡಿಗ್ರಿ ಸೆಲ್ಸಿಯಸ್, ಅಂದರೆ ಅಲ್ಲಿಯವರ ಲೆಕ್ಕದಲ್ಲಿ 50 ಫ್ಯಾರನ್‌ಹೀಟ್ ದಾಟಿದಾಗ ಕ್ರಾಪಿ ಚಳಿಗಾಲದ ಆಳ ಬಿಟ್ಟು ಹೊರಡುತ್ತದೆ. ಆದರೆ ನೇರ ದಡಕ್ಕೆ ಬರುವುದಿಲ್ಲ. ತೊರೆ ಬಂದು ಕೆರೆ ಸೇರುವ ಬಾಯಿಯಲ್ಲಿ, ಹಳೆಯ ಹೊಳೆಪಾತ್ರದ ಅಂಚಿನಲ್ಲಿ ಗುಂಪಾಗಿ ಕಾಯುತ್ತದೆ. ನೀರು 15–16 ಡಿಗ್ರಿಗೆ ಏರಿದಾಗ ಗಂಡುಗಳು ಮೊದಲು ದಡಕ್ಕೆ ಬಂದು ತಳ ಗುಡಿಸಿ ಗೂಡು ಮಾಡುತ್ತವೆ. 18ರಿಂದ 20 ಡಿಗ್ರಿಯ ನಡುವೆ ಮೊಟ್ಟೆ ಇಡುವ ಗಲಾಟೆ ಜೋರು. ನೀನು ಕುಳಿತ ವಾರ ಚಳಿ ತಡವಾಗಿ ಹೋಗಿದ್ದರೆ ಮೀನೆಲ್ಲ ಇನ್ನೂ ತೊರೆಬಾಯಿಯಲ್ಲೇ ಇದ್ದಿರಬೇಕು. ಫ್ಲಾರಿಡಾದಲ್ಲಿ ಫೆಬ್ರವರಿಯ ಹೊತ್ತಿಗೇ ಶುರುವಾಗುವ ಈ ಕೆಲಸ, ಕೆನಡಾ ಗಡಿಯ ಕೆರೆಗಳಲ್ಲಿ ಮೇ ಕೊನೆಗೂ ಜೂನ್‌ಗೂ ಹೋಗುತ್ತದೆ. ‘ಏಪ್ರಿಲ್’ ಎಂಬ ಮಾತು ಒಂದು ಊರಿನ ಮಾತಷ್ಟೇ.

ಬೆಳಗಿನ ಜಾವದ ಹಟವನ್ನೂ ಬಿಡು. ವಸಂತದ ಆರಂಭದಲ್ಲಿ ರಾತ್ರಿಯಿಡೀ ತಣಿದ ನೀರು ಬೆಳಿಗ್ಗೆ ಅತಿ ತಂಪಾಗಿರುತ್ತದೆ. ಬಿಸಿಲು ಬಿದ್ದು ಕಾದ ಮಧ್ಯಾಹ್ನವೇ ಆಗ ಒಳ್ಳೆಯದು. ಉತ್ತರದ ದಂಡೆಯ ಮೇಲೆ ಸೂರ್ಯ ಹೆಚ್ಚು ಹೊತ್ತು ಬೀಳುತ್ತಾನೆ, ತಣ್ಣನೆಯ ಉತ್ತರಗಾಳಿಯೂ ಅಲ್ಲಿಗೆ ತಾಕುವುದಿಲ್ಲ. ಹೀಗಾಗಿ ಆ ಬದಿಯ ಒಳಮೂಲೆಗಳು ಮೊದಲು ಬೆಚ್ಚಗಾಗುತ್ತವೆ. ಮೊದಲ ದಿನಗಳಲ್ಲಿ ಅಲ್ಲೇ ಹುಡುಕು.

ಇನ್ನು ಆಳ. ನೀರು ಕೆಂಪಾಗಿ ಕದಡಿದ್ದರೆ ಎರಡು ಅಡಿಯಲ್ಲೂ ಗೂಡಿರುತ್ತದೆ. ತಿಳಿನೀರಾದರೆ ಆರು, ಎಂಟು ಅಡಿ, ಇನ್ನೂ ಕೆಳಗೆ. ಬರಿ ಮರಳಿನ ದಡದಲ್ಲಿ ಹುಡುಕಿ ಪ್ರಯೋಜನವಿಲ್ಲ. ಮುಳುಗಿದ ಪೊದೆ, ಬಿದ್ದ ಮರದ ಕೊಂಬೆ, ಜೊಂಡು, ದೋಣಿ ಕಟ್ಟುವ ಅಟ್ಟದ ಕಂಬ, ಇಂಥ ಆಸರೆಯ ಪಕ್ಕದಲ್ಲೇ ಗಾಳ ಇಳಿಯಬೇಕು. ನಿನಗೆ ಹತ್ತಿರವಾದರೆ ರೀಲ್‌ಫುಟ್ ಕೆರೆಗೆ ಹೋಗು. 1811–12ರ ಭೂಕಂಪಗಳಲ್ಲಿ ನೆಲ ಕುಸಿದು ಕಾಡೇ ನೀರಾದ ಜಾಗ ಅದು. ಸೈಪ್ರಸ್ ಮರಗಳ ಬೊಡ್ಡೆಗಳು ಇಂದಿಗೂ ನೀರೊಳಗಿವೆ, ಕ್ರಾಪಿಗೆ ಅಂಥ ಬೊಡ್ಡೆಯೇ ಬೇಕು. ದೋಣಿಯ ತಳಕ್ಕೂ ಅವು ತಾಗುತ್ತವೆ, ನಿಧಾನ ಹೋಗು.

ಗಾಳದ ಮಾತು. ಕ್ರಾಪಿಯ ಕಣ್ಣು ಮೇಲ್ಮುಖ, ತನಗಿಂತ ಮೇಲಿರುವ ತಿಂಡಿಗೆ ಏರುತ್ತದೆ, ಕೆಳಗಿಳಿದದ್ದನ್ನು ಸಾಮಾನ್ಯವಾಗಿ ಮೂಸುವುದಿಲ್ಲ. ನಮ್ಮ ಕಡೆಯಲ್ಲಿ ಸೀಸ ಕಟ್ಟಿ ತಳಕ್ಕೆ ಕುಳ್ಳಿರಿಸುವ ಅಭ್ಯಾಸವಿದೆಯಲ್ಲ, ಅದು ಇಲ್ಲಿ ನಡೆಯದು. ಮೀನು ನಾಲ್ಕು ಅಡಿಯಲ್ಲಿದ್ದರೆ ಗಾಳ ಮೂರು ಅಡಿಯಲ್ಲಿ ತೂಗಬೇಕು. ಜಾರುವ ಬೆಂಡು ಸಿಗುತ್ತದೆ: ದಾರ ಬೆಂಡಿನೊಳಗೆ ಹಾದು ಕೆಳಗೆ ಜಾರುತ್ತದೆ, ಬೇಕಾದ ಆಳಕ್ಕೆ ನೂಲಿನ ಗಂಟು ಹಾಕಿಟ್ಟರೆ ಅಲ್ಲಿಗೆ ನಿಲ್ಲುತ್ತದೆ. ಗಂಟನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಅರ್ಧರ್ಧ ಅಡಿ ಬದಲಿಸುತ್ತಾ ಹೋಗು. ಒಂದು ಮೀನು ಸಿಕ್ಕ ಆಳದಲ್ಲೇ ಇನ್ನೊಂದೂ ಇರುತ್ತದೆ. ಗಾಳಕ್ಕೆ ಪುಟ್ಟ ಜೀವಂತ ಮೀನು ಚುಚ್ಚಬಹುದು, ಇಲ್ಲವೇ ಜಿಗ್ ಹಾಕಬಹುದು. ಜಿಗ್ ಎಂದರೆ ಸೀಸದ ತಲೆಗೆ ರಬ್ಬರ್ ಬಾಲ ಹಚ್ಚಿದ ಗಾಳ. ಒಂದು ಗ್ರಾಮಿನಿಂದ ಎರಡು ಗ್ರಾಮಿನೊಳಗಿನದು ಸಾಕು, ದಾರ ನಾಲ್ಕರಿಂದ ಆರು ಪೌಂಡಿನ ಎಳೆತ ತಾಳುವಂಥದು. ಜಿಗ್ಗನ್ನು ಕುಣಿಸುತ್ತಾರೆ, ನನಗೆ ಆ ಕುಣಿತ ಇಷ್ಟವಿಲ್ಲ. ತಂಪು ನೀರಿನ ಮೀನು ಸೋಮಾರಿ, ಜಿಗ್ ಅಲ್ಲೇ ನಿಂತಿರಲಿ, ಗಾಳಿಯ ಅಲೆ ಅಲುಗಿಸಿದಷ್ಟು ಅಲುಗಲಿ.

ಬೆಂಡು ಮುಳುಗಿತೆಂದು ಎಳೆದುಬಿಡಬೇಡ. ಕ್ರಾಪಿಯ ಬಾಯಿಯ ಅಂಚಿನ ಪೊರೆ ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳು. ಕಾಳಿ ಹೊಳೆಯಲ್ಲಿ ದೊಡ್ಡ ಮೀನಿಗೆ ಕೊಡುವ ಝಟಕಾ ಕೊಟ್ಟರೆ ಗಾಳ ಹರಿದುಕೊಂಡು ಬರುತ್ತದೆ, ಮೀನು ಬರುವುದಿಲ್ಲ. ಕೋಲನ್ನು ಸುಮ್ಮನೆ ಮೇಲೆತ್ತು, ದಾರ ಸಡಿಲ ಬಿಡದೆ ಸುತ್ತು, ಹತ್ತಿರ ಬಂದಾಗ ಬಲೆಚೀಲದಲ್ಲಿ ಎತ್ತು. ಕೆಲವೊಮ್ಮೆ ಬೆಂಡು ಮುಳುಗುವ ಬದಲು ಅಡ್ಡ ಮಲಗುತ್ತದೆ. ಮೀನು ತಿಂಡಿ ಹಿಡಿದು ಮೇಲೆ ಬಂದಿದೆ ಎಂದು ಅರ್ಥ. ಹೊಸಬರು ಅದನ್ನೇ ಕಳೆದುಕೊಳ್ಳುತ್ತಾರೆ.

ಉತ್ತರದಿಂದ ಚಳಿಗಾಳಿ ನುಗ್ಗಿ ಮರುದಿನ ಆಕಾಶ ನಿಚ್ಚಳ ನೀಲಿಯಾಗಿದ್ದರೆ ಮನೆಯಲ್ಲೇ ಇರಬಹುದು. ಹೋಗಲೇಬೇಕೆಂದಿದ್ದರೆ ದಡಕ್ಕಿಂತ ತುಸು ಆಳದ ಪೊದೆಗೆ ಗಾಳವನ್ನು ಒತ್ತಿ ಇಳಿಸು, ಇನ್ನೂ ಸಣ್ಣ ಜಿಗ್ ಹಾಕು. ಮಳೆ ಬಂದು ಕೆರೆ ಏರುತ್ತಿದ್ದರೆ ಖುಷಿಪಡು, ಹೊಸ ನೀರು ಹೊಕ್ಕ ಪೊದೆಗಳಿಗೆ ಮೀನೂ ಹಿಂದೆಯೇ ಬರುತ್ತದೆ. ಲೈಸೆನ್ಸ್ ತೆಗೆದುಕೋ. ದಿನಕ್ಕೆಷ್ಟು, ಎಷ್ಟುದ್ದದ್ದು ಇಟ್ಟುಕೊಳ್ಳಬಹುದು ಎಂಬುದು ಆಯಾ ರಾಜ್ಯ, ಆಯಾ ಕೆರೆಗೆ ಬೇರೆ ಬೇರೆ. ಮೊದಲು ಅದನ್ನು ಓದಿ ಆಮೇಲೆ ಕೋಲು ಬಿಚ್ಚು.

ನಾವು ಶಿರಸಿಯವರು, ಮೀನು ಮುಟ್ಟದ ಮನೆ. ಅಮೆರಿಕದಲ್ಲಿರುವ ಮಗ ಕ್ರಾಪಿ ಹಿಡಿದು ಮತ್ತೆ ನೀರಿಗೆ ಬಿಡುತ್ತಾನಂತೆ. ಅದು ಬದುಕುತ್ತದೆಯೇ? ಗೂಡು ಕಾಯುವ ಮೀನನ್ನು ಹಿಡಿಯುವುದು ಪಾಪವಲ್ಲವೇ? – ಒಬ್ಬ ತಾಯಿ

ಅಕ್ಕಾ, ವಸಂತದಲ್ಲಿ ನೀರು ತಂಪು, ಮೀನೂ ದಡದ ಹತ್ತಿರವೇ ಇರುತ್ತದೆ, ಆದ್ದರಿಂದ ಜೋಪಾನವಾಗಿ ಬಿಟ್ಟರೆ ಬಹುತೇಕ ಬದುಕುತ್ತದೆ. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಲಿ, ಕೈ ಒದ್ದೆ ಮಾಡಿಕೊಂಡು ಮುಟ್ಟಲಿ. ಒಣಗೈ ಅದರ ಮೈಯ ಲೋಳೆಯನ್ನು ಕಿತ್ತುಕೊಳ್ಳುತ್ತದೆ. ಬೇಸಿಗೆಯಲ್ಲಿ ತೀರ ಆಳದಿಂದ ಎಳೆದರೆ ಒಳಗಿನ ಗಾಳಿಚೀಲ ಉಬ್ಬುತ್ತದೆ, ಆಗ ಬಿಟ್ಟರೂ ಉಳಿಯುವುದು ಕಷ್ಟ.

ಗೂಡಿನ ಪ್ರಶ್ನೆಗೆ ನನ್ನಲ್ಲಿರುವುದು ಶಾಸ್ತ್ರದ ಉತ್ತರವಲ್ಲ. ಮೊಟ್ಟೆ ಇಟ್ಟು ಹೆಣ್ಣು ಹೊರಟುಹೋಗುತ್ತದೆ. ಕಾಯುವುದು ಗಂಡು, ಆ ದಿನಗಳಲ್ಲಿ ಅದರ ಮೈ ಕಪ್ಪಾಗುತ್ತದೆ. ಅದು ನಿಮ್ಮ ಮಗನ ಕೈಯಲ್ಲಿದ್ದಷ್ಟು ಹೊತ್ತು ಸಣ್ಣ ಮೀನುಗಳು ಮೊಟ್ಟೆಗೆ ಬಾಯಿ ಹಾಕುತ್ತವೆ. ಹಾಗಾಗಿ ಫೋಟೊ ತೆಗೆಯುತ್ತ ನಿಲ್ಲದೆ ಹಿಡಿದ ಜಾಗದಲ್ಲೇ ಕೂಡಲೇ ಬಿಡಲಿ. ಕಪ್ಪು ಗಂಡು ಒಂದೆರಡು ಸಿಕ್ಕಿದ ಮೇಲೆ ಆ ಜಾಗ ಬಿಟ್ಟು ಮುಂದೆ ಹೋಗಲಿ. ಇನ್ನೊಂದು ಮಾತೂ ಇದೆ: ಕ್ರಾಪಿ ಅತಿಯಾಗಿ ಹೆಚ್ಚಿದ ಸಣ್ಣ ಕೆರೆಯಲ್ಲಿ ತಿಂಡಿ ಸಾಲದೆ ಎಲ್ಲವೂ ಗಿಡ್ಡವಾಗಿಯೇ ಉಳಿಯುತ್ತವೆ. ಅಂಥ ಕೆರೆಯಲ್ಲಿ ಪಕ್ಕದ ಮನೆಯವರು ನಿಯಮದೊಳಗೆ ಒಂದಿಷ್ಟು ಹಿಡಿದು ತಿಂದರೆ ಕೆರೆಗೆ ಕೇಡಿಲ್ಲ.

ಅಂಕೋಲೆಯಲ್ಲಿ ನನ್ನದೊಂದು ಕೃಷಿಹೊಂಡವಿದೆ. ಕ್ರಾಪಿಯ ಮರಿ ತರಿಸಿ ಬಿಡಬಹುದೇ?

ಬೇಡ. ಚಳಿಗಾಲದಲ್ಲಿ ತಣಿದು ವಸಂತದಲ್ಲಿ ಬೆಚ್ಚಗಾಗುವ ನೀರಿಗೆ ಹೊಂದಿಕೊಂಡ ಮೀನು ಅದು. ನಿಮ್ಮ ಹೊಂಡದ ಡಿಸೆಂಬರ್ ಅದಕ್ಕೆ ಚಳಿಗಾಲವೇ ಅಲ್ಲ. ಬದುಕಿದರೆ ಇನ್ನೂ ಕೆಟ್ಟದ್ದು, ಜೂನಿನ ಮಳೆಗೆ ಹೊಂಡ ತುಂಬಿ ಹಳ್ಳ ಸೇರುತ್ತದೆ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯ ಇಂದು ಯಾವ ಕೆರೆಯಲ್ಲಿಲ್ಲ ಹೇಳಿ. ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಯನ್ನು ಸರ್ಕಾರ ನಿಷೇಧಿಸಿದ ಮೇಲೂ ಕದ್ದು ಸಾಕುವವರು ನಿಂತಿಲ್ಲ. ಘಟ್ಟದ ಹಳ್ಳಗಳಲ್ಲಿ ಬೇರೆಲ್ಲೂ ಇಲ್ಲದ ಮೀನುಗಳಿವೆ, ಅವುಗಳ ತಟ್ಟೆಗೆ ಹೊಸ ನೆಂಟನನ್ನು ಕೂರಿಸಬೇಡಿ. ಕಾಟ್ಲಾ, ರೋಹು ಬಿಡಿ, ಮೀನುಗಾರಿಕೆ ಇಲಾಖೆಯವರನ್ನು ಕೇಳಿ.

ಕದ್ರಾ ಹಿನ್ನೀರಿನಲ್ಲಿ ಈ ಜಿಗ್ ನಡೆಯುತ್ತದೆಯೇ? – ಕಾರವಾರದ ಕಾಲೇಜು ಹುಡುಗರು

ಜಿಗ್ ಎಲ್ಲಿಯೂ ನಡೆಯುತ್ತದೆ, ನೀವು ನಡೆಯುವ ಜಾಗದ್ದೇ ನನಗೆ ಚಿಂತೆ. ಕಾಳಿಯ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಒಂದರ ಕೆಳಗೊಂದು ಅಣೆಕಟ್ಟುಗಳು. ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಕೆಳಗಿನ ಹೊಳೆ ನೋಡುತ್ತಿರುವಂತೆಯೇ ಏರುತ್ತದೆ. ಅಣೆಕಟ್ಟಿನ ಕೆಳಗೆ ಬಂಡೆಯ ಮೇಲೆ ಕೂರಬೇಡಿ. ದಾಂಡೇಲಿಯ ಕಡೆ ಹೊಳೆಯಲ್ಲಿ ಮೊಸಳೆಗಳಿವೆ, ಹುಲಿ ಸಂರಕ್ಷಿತ ಪ್ರದೇಶದೊಳಗೆ ಮೀನು ಹಿಡಿಯುವಂತೆಯೇ ಇಲ್ಲ. ಅನುಮತಿ ಇರುವ ಜಾಗದಲ್ಲಿ ಮುಳುಗಿದ ಮರದ ಬುಡ ನೋಡಿ ಹಾಕಿ. ಕ್ರಾಪಿಯ ವಸಂತದ ಲೆಕ್ಕ ಇಲ್ಲಿಗೆ ತರಬೇಡಿ. ನಮ್ಮ ಬಹಳಷ್ಟು ಹೊಳೆಮೀನುಗಳು ಕಾಯುವುದು ಮೊದಲ ಮಳೆಯ ಕೆನ್ನೀರಿಗೆ. ಆಗ ಗದ್ದೆ, ತೋಡುಗಳಿಗೆ ಹತ್ತುವ ಬಸಿರು ಮೀನನ್ನು ಬುಟ್ಟಿಗಟ್ಟಲೆ ಬಾಚುವುದನ್ನು ಶೌರ್ಯ ಎಂದುಕೊಂಡವರೊಡನೆ ನನಗೆ ಮಾತಿಲ್ಲ.

ಕ್ರಾಪಿಗೆ ನಮ್ಮ ಮಸಾಲೆ ಒಗ್ಗುತ್ತದೆಯೇ ಮಾಸ್ತರರೇ? – ಹೊನ್ನಾವರದ ಗೃಹಿಣಿ

ಹುರಿಯಲು ಒಗ್ಗುತ್ತದೆ. ಬಿಳಿ, ಮೆತ್ತನೆಯ ಮಾಂಸ. ಬೆನ್ನುಮೂಳೆಯ ಎರಡೂ ಬದಿಯಿಂದ ತುಂಡು ಬಿಡಿಸಿಕೊಂಡರೆ ಮುಳ್ಳಿನ ಕಾಟವಿಲ್ಲ. ಖಾರದ ಪುಡಿ, ಅರಿಶಿನ, ಮುರುಗಲಿನ ಹುಳಿ ಸವರಿ ಅರ್ಧ ಗಂಟೆ ಇಟ್ಟು, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿ. ಅಲ್ಲಿಯವರು ರವೆಯ ಜಾಗದಲ್ಲಿ ಮೆಕ್ಕೆಜೋಳದ ಹಿಟ್ಟು ಹಚ್ಚುತ್ತಾರೆ, ಅದೂ ಚೆನ್ನ. ಬಂಗಡೆಯ ಎಣ್ಣೆ ಇದಕ್ಕಿಲ್ಲ, ಆದ್ದರಿಂದ ಹೆಚ್ಚು ಹೊತ್ತು ಬಿಟ್ಟರೆ ಒಣಗುತ್ತದೆ. ತೆಂಗಿನಕಾಯಿಯ ಸಾರಿಗೆ ಹಾಕಬೇಡಿ, ಸೌಟು ತಾಗಿದರೆ ಪುಡಿಯಾಗುತ್ತದೆ.