ಮಗು ನಿದ್ದೆಯಲ್ಲಿ ಕಿರುಚಿ ಎದ್ದು ಕೂರುತ್ತದೆ, ನಮ್ಮ ಗುರುತೇ ಹಿಡಿಯಲ್ಲ. ಯಾಕೆ?

ನಾಲ್ಕು ವರ್ಷದ ಮಗು, ಮಲಗಿದ ಒಂದೆರಡು ಗಂಟೆಗೆ ಹೀಗೆ ಮಾಡುತ್ತದೆ ಅಂದಿದ್ದೀರಿ. ಇದು ಹೆಚ್ಚಾಗಿ ನೈಟ್ ಟೆರರ್. ಗಾಢ ನಿದ್ದೆಯಿಂದ ಮೆದುಳು ಅರೆಬರೆ ಎಚ್ಚರವಾದಾಗ ಆಗುವಂಥದ್ದು. ಕಣ್ಣು ತೆರೆದಿರುತ್ತದೆ, ಮೈ ಬೆವರುತ್ತದೆ, ಎದೆ ಡವಡವ ಅನ್ನುತ್ತದೆ, ಅಮ್ಮ ಹತ್ತಿರ ಹೋದರೂ ತಳ್ಳುತ್ತದೆ. ಆದರೂ ಮಗು ನಿದ್ದೆಯಲ್ಲೇ ಇರುತ್ತದೆ. ಬೆಳಗ್ಗೆ ಕೇಳಿದರೆ ಏನೂ ನೆನಪಿರಲ್ಲ. ಕೆಟ್ಟ ಕನಸು ಬೇರೆ. ಅದು ಬೆಳಗಿನ ಜಾವದ ಕಡೆ ಜಾಸ್ತಿ, ಮಗು ಪೂರ್ತಿ ಎಚ್ಚರವಾಗಿ ಕನಸನ್ನು ಹೇಳುತ್ತದೆ.

ದೃಷ್ಟಿ ತಾಗಿರಬಹುದು ಅಂತ ಅನಿಸಿ ದೃಷ್ಟಿ ತೆಗೆಯುವುದಾದರೆ, ಅದು ನಿಮ್ಮ ಸಮಾಧಾನಕ್ಕೆ ಇರಲಿ. ಆದರೆ ಆ ಹೊತ್ತಲ್ಲಿ ಅಲುಗಾಡಿಸಿ, ಮುಖಕ್ಕೆ ನೀರು ಚಿಮುಕಿಸಿ ದಯವಿಟ್ಟು ಎಬ್ಬಿಸಬೇಡಿ, ಗಾಬರಿ ಇನ್ನೂ ಹೆಚ್ಚುತ್ತದೆ. ಬಿದ್ದು ಪೆಟ್ಟಾಗದಂತೆ ಪಕ್ಕದಲ್ಲಿರಿ, ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತಾನೇ ಮಲಗುತ್ತದೆ. ನಿದ್ದೆಗೆಟ್ಟಾಗ, ಜ್ವರ ಬಂದಾಗ ಇದು ಜಾಸ್ತಿ. ಮದುವೆ, ಜಾತ್ರೆ ಅಂತ ತಡವಾಗಿದ್ದರೆ ಮಾರನೇ ದಿನ ಬೇಗ ಮಲಗಿಸಿ. ದಿನಾ ಅದೇ ಹೊತ್ತಿಗೆ ಆಗುತ್ತಿದ್ದರೆ, ಕಾಲು ಗಂಟೆ ಮೊದಲೇ ಮೆಲ್ಲಗೆ ಎಬ್ಬಿಸಿ ಮತ್ತೆ ಮಲಗಿಸಿ ನೋಡಿ.

ಮೈ ಸೆಟೆದುಕೊಂಡರೆ, ಕೈಕಾಲು ಒಂದೇ ಸಮ ಅದುರಿದರೆ, ರಾತ್ರಿಗೆ ಹಲವು ಸಲ ಆದರೆ, ಗೊರಕೆ ನಡುವೆ ಉಸಿರು ಕಟ್ಟಿದರೆ ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಫೋನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ಫಿಟ್ಸ್ ಹೌದೋ ಅಲ್ಲವೋ ಅಂತ ನೋಡಲು ಅವರಿಗೆ ಅದರಿಂದ ತುಂಬಾ ಸಹಾಯ ಆಗುತ್ತದೆ.